ಬಂಪರಿನ ಎಡ ಮೂಲೆಯ ತಗಡು

ಕಮಲಾಪುರದ ಹಂಪೇಶನಿಗೆ ಆ ವಾರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಅರ್ಧ ಮುರಿದಿರುತ್ತಿತ್ತು, ಅಷ್ಟರಲ್ಲಿ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದ. ಚಹಾದ ಲೋಟ ಹಿಡಿದರೆ ಎರಡು ಗುಟುಕು ಕುಡಿದು ಎಲ್ಲೋ ಇಟ್ಟು ಮರೆಯುತ್ತಿದ್ದ. ಕಿಟಕಿಯಲ್ಲಿ, ಕಟ್ಟೆಯ ಮೇಲೆ, ನೀರಿನ ತೊಟ್ಟಿಯ ಅಂಚಿನಲ್ಲಿ, ಎಲ್ಲೆಲ್ಲೂ ಅವನು ಅರ್ಧ ಕುಡಿದಿಟ್ಟ ಲೋಟಗಳೇ. ಹೆಂಡತಿ ಅನ್ನಪೂರ್ಣ ಸಂಜೆಗೊಮ್ಮೆ ಅವನ್ನೆಲ್ಲ ಹುಡುಕಿ ತಂದು ತೊಳೆಯುತ್ತಿದ್ದಳು.

ಹೀಗಾಗಲು ಕಾರಣವಿತ್ತು. ಹನ್ನೊಂದು ವರ್ಷ ಹೊಸಪೇಟೆಯಿಂದ ಹಂಪಿಗೆ, ಹಂಪಿಯಿಂದ ಹೊಸಪೇಟೆಗೆ ಆಟೋ ಓಡಿಸಿದವನು ಆ ಆಟೋವನ್ನು ಮಾರಿಬಿಟ್ಟಿದ್ದ. ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ದೇವಿಕಾ ಮೇಡಂ ಅವನಿಗೊಂದು ಮಾತು ಕೊಟ್ಟಿದ್ದರು. "ಒಂದನೇ ತಾರೀಖಿಗೆ ಏಳು ಸೀಟಿನ ಗಾಡಿ ತಂದು ನಿಲ್ಸು ಹಂಪೇಶ. ಹಂಪಿ, ಆನೆಗೊಂದಿ, ಸಂಡೂರು, ನನ್ನ ಗೆಸ್ಟ್‌ಗಳು ಎಲ್ಲಿಗೆ ಹೋದ್ರೂ ವರ್ಷಪೂರ್ತಿ ನಿನ್ನ ಗಾಡಿನೇ. ನಿನಗ ಆಗಂಗಿಲ್ಲ ಅಂದ್ರ ಹೇಳಿಬಿಡು, ಪಂಪೇಶ ಕೇಳಾಕತ್ತಾನ."

ಪಂಪೇಶ, ಹಂಪೇಶನ ಸ್ಟ್ಯಾಂಡಿನಲ್ಲೇ ಆಟೋ ಓಡಿಸುವವನು. ಗೆಳೆಯನೂ ಹೌದು, ಬಾಡಿಗೆ ವಿಷಯಕ್ಕೆ ಬಂದರೆ ಎದುರಾಳಿಯೂ ಹೌದು. ಒಂದನೇ ತಾರೀಖಿಗೆ ಉಳಿದಿದ್ದು ಎಂಟೇ ದಿನ. ಹೊಸ ಗಾಡಿ ಹಂಪೇಶನ ಕೈಗೆಟುಕುವ ಮಾತಲ್ಲ. ಓಡಿದ ಗಾಡಿಯನ್ನೇ ಕೊಳ್ಳಬೇಕು, ಬೇಗ ಕೊಳ್ಳಬೇಕು. ಮನೆ ಮುಂದೆ ಆಟೋ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಆಯಿಲ್ ಕಲೆಯೊಂದು ಉಳಿದಿತ್ತು. ದಿನಕ್ಕೆ ಹತ್ತು ಸಲ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ.

"ಖಾಲಿ ನೆಲ ನೋಡಿದ್ರ ಗಾಡಿ ಹುಟ್ಟತೈತೇನ್ರೀ? ಒಳಗ ಬಂದು ಉಣ್ರಿ," ಎಂದಳು ಅನ್ನಪೂರ್ಣ.

"ಗಾಡಿ ಸಿಕ್ಕೈತಿ," ಎಂದ ಹಂಪೇಶ. "ಮರಿಯಮ್ಮನಹಳ್ಳಿ ಹೈವೇ ಬಾಜೂಕ ಜಂಬುನಾಥ ಅಂತ ಅದಾನಲ್ಲ, ಹಳೇ ಗಾಡಿ ಮಾರಾಂವ, ಅವನ ಹತ್ರ. ಬಿಳೀ ಗಾಡಿ, ಹಳದಿ ಬೋರ್ಡು. ಆರು ವರ್ಷದ್ದು, ಆದ್ರ ಓಡಿದ್ದು ಬರೇ ಅರವತ್ತೆರಡು ಸಾವಿರ. ಕೊಪ್ಪಳದ ಟ್ರಾವೆಲ್ಸಿನವ್ರದಂತ. ಮಾಲೀಕ ತೀರಿಕೊಂಡ ಮ್ಯಾಲ ಎರಡು ವರ್ಷ ಶೆಡ್ಡಿನಾಗ ನಿಂತಿತ್ತಂತ. ಕನ್ನಡಿ, ಕನ್ನಡಿ ಇದ್ದಂಗ ಐತಿ!"

"ಎಮ್ಮಿಗನೂರಿಂದ ನಮ್ಮ ಅಕ್ಕ ಫೋನ್ ಮಾಡಿದ್ಲು. ಕಂಪ್ಲಿ ರೈಸ್ ಮಿಲ್ಲಿನ ಕೊಟ್ರಯ್ಯನವ್ರು ತಮ್ಮ ಏಳು ಸೀಟಿನ ಟ್ಯಾಕ್ಸಿ ಮಾರ್ತಾರಂತ. ಅದನ್ನೂ ಒಂದ್ಸಲ ನೋಡಬಾರದೇನು?"

"ಮೀಟರ್ ಎಷ್ಟಂತ?"

"ಎರಡು ಲಕ್ಷದ ಮೂವತ್ತೆಂಟು ಸಾವಿರ."

ಹಂಪೇಶ ನಕ್ಕುಬಿಟ್ಟ. "ಅದು ಗಾಡಿ ಅಲ್ಲ ಅನ್ನಪೂರ್ಣ, ಅಜ್ಜ. ಪಿಂಚಣಿ ತಗೊಂಡು ಮನ್ಯಾಗ ಕುಂದ್ರೋ ವಯಸ್ಸು ಅದರದ್ದು."

ಅನ್ನಪೂರ್ಣ ಮತ್ತೆ ವಾದಿಸಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವನು ಅಡ್ವಾನ್ಸ್ ದುಡ್ಡನ್ನು ಅಂಗಿಯ ಜೇಬಿಗೆ ಸೇರಿಸಿ ಬಸ್ಸಿಗೆ ಹೊರಟಾಗ ಅವಳೂ ಹೊರಟಳು. ಜೊತೆಗೆ ಎರಡು ಮನೆ ಆಚೆಯ ಗಾಳೆಮ್ಮನನ್ನೂ ಕರೆದುಕೊಂಡಿದ್ದಳು.

ಗಾಳೆಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ಸಂಡೂರಿನ ರಸ್ತೆ ಪಕ್ಕದ ಒಂದು ವಾಟರ್ ಸರ್ವಿಸ್‌ನಲ್ಲಿ ಇಪ್ಪತ್ತೆರಡು ವರ್ಷ ಗಾಡಿ ತೊಳೆದವಳು. ಗಣಿಯಿಂದ ಕೆಂಪಾಗಿ ಬಂದ ಜೀಪು, ಲಾರಿ, ಕಾರುಗಳನ್ನು ಪೈಪು ಹಿಡಿದು ಬಿಳಿ ಮಾಡಿ ಕಳಿಸಿದವಳು. ಮೊಣಕಾಲು ನೋವು ಶುರುವಾದ ಮೇಲೆ ಕಮಲಾಪುರಕ್ಕೆ ಬಂದು ಮಗಳ ಮನೆಯಲ್ಲಿದ್ದಳು. ಅನ್ನಪೂರ್ಣ ಇರುವ ಸ್ವಸಹಾಯ ಸಂಘದಲ್ಲೇ ಅವಳೂ ಇದ್ದಳು.

ಹಂಪೇಶನಿಗೆ ಇದು ಸರಿಬರಲಿಲ್ಲ. "ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಗಾಡಿ ತೊಳಿಯೋದಕ್ಕೂ ಗಾಡಿ ಓಡ್ಸೋದಕ್ಕೂ ಭಾಳ ಫರಕ್ ಐತಿ," ಎಂದ.

"ಹೌದಪ್ಪ, ಐತಿ," ಎಂದಳು ಗಾಳೆಮ್ಮ ಎಲೆಗೆ ಸುಣ್ಣ ಹಚ್ಚುತ್ತ. "ನೀವು ಗಾಡಿ ಮ್ಯಾಲ ಕುಂತು ರೋಡು ನೋಡ್ತೀರಿ. ನಾವು ಅದರ ಬುಡಕ್ಕ ಮಕ್ಕೊಂಡು ಗಾಡಿನೇ ನೋಡೀವಿ."

ಮರಿಯಮ್ಮನಹಳ್ಳಿಯ ಹೈವೇ ಪಕ್ಕದ ಆ ಬಯಲಿನಲ್ಲಿ ಹದಿನೈದು ಗಾಡಿಗಳು ಸಾಲಾಗಿ ನಿಂತಿದ್ದವು. ಬಿಳಿ ಗಾಡಿ ಎಲ್ಲಕ್ಕಿಂತ ಮುಂದೆ ನಿಂತು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಹಂಪೇಶನ ಎದೆ ಹಿಗ್ಗಿತು. ಹಿಂದೆ ಒಬ್ಬನೇ ಬಂದು ನೋಡಿದಾಗಿನಂತೆ ಈ ಸಲವೂ ಅವನು ಮಾಡಿದ ಮೊದಲ ಕೆಲಸ ಒಂದೇ. ಮುಂದಿನ ಬಂಪರಿನ ಎಡಗಡೆ 'ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ' ಎಂದು ಬರೆದಿದ್ದ ಅಂಗೈಯಗಲದ ಸ್ಟೀಲ್ ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಮನೆದೇವರು ಹುಲಿಗೆಮ್ಮ. ತಾಯಿ ತಾನಾಗಿ ಗಾಡಿಯ ಮೇಲೆ ಕೂತಿದ್ದಾಳೆ ಎಂದಮೇಲೆ ಇನ್ನೇನು ಬೇಕು? ಮೊದಲ ದಿನವೇ ಅವನ ಮನಸ್ಸು ಸೋತಿದ್ದು ಅರವತ್ತೆರಡು ಸಾವಿರಕ್ಕಲ್ಲ, ಈ ತಗಡಿಗೆ.

ಜಂಬುನಾಥ ನಗುನಗುತ್ತ ಬಂದ. "ಬರ್ರಿ ಬರ್ರಿ, ಕುಂದ್ರಿ. ಅಡ್ವಾನ್ಸ್ ತಂದೀರಿಲ್ಲೋ? ಸಂಜೀಕ ಇನ್ನೊಂದು ಪಾರ್ಟಿ ಬರಾಂವ ಅದಾನ. ನೀವು ಹುಲಿಗೆಮ್ಮನ ಒಕ್ಕಲು ಅಂದ್ರಲ್ಲ, ಅದಕ್ಕ ನಿಮಗಂತ ಹಿಡ್ಕೊಂಡೀನಿ. ಶುಕ್ರವಾರ ಹುಲಿಗಿಗೆ ಹೋಗಿ ಪೂಜೆ ಮಾಡಿಸಿಬಿಡ್ರಿ."

ಇನ್ನೊಂದು ಪಾರ್ಟಿ ಎಂದ ಕೂಡಲೇ ಹಂಪೇಶನ ಕೈ ಜೇಬಿಗೆ ಹೋಯಿತು. ಅನ್ನಪೂರ್ಣ ಅವನ ಮೊಣಕೈ ಹಿಡಿದಳು.

ಗಾಳೆಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಬಾನೆಟ್ ಮೇಲೆ ಅಂಗೈ ಇಟ್ಟಳು. "ಬಿಸಿ ಐತಲ್ಲಪ್ಪ."

"ಬಿಸ್ಲಾಗ ನಿಂತೈತಿ ಯಮ್ಮಾ."

"ಬಾಜೂದ್ದೂ ಬಿಸ್ಲಾಗ ನಿಂತೈತಿ. ಅದು ಇಷ್ಟು ಸುಡಂಗಿಲ್ಲ. ನಾವು ಬರೋಕಿಂತ ಮೊದ್ಲ ಸ್ಟಾರ್ಟ್ ಮಾಡಿ ಇಟ್ಟೀಯಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರ ಇಂಜಿನ್ ತನ್ನ ರೋಗ ತಾನ ಹೇಳ್ತೈತಿ. ಬಿಸಿ ಆದ ಮ್ಯಾಲ ಎಲ್ಲಾ ಇಂಜಿನ್ನೂ ಸುಮ್ಮನ ಇರ್ತಾವ."

ಜಂಬುನಾಥನ ನಗು ಸ್ವಲ್ಪ ಕಡಿಮೆಯಾಯಿತು. ಗಾಳೆಮ್ಮ ಬಾಗಿಲು ತೆಗೆದು ಒಳಗೆ ಬಗ್ಗಿದಳು. "ಹಂಪೇಶ, ನೀ ಡ್ರೈವರು. ನೀನ ಹೇಳು. ಅರವತ್ತೆರಡು ಸಾವ್ರ ಓಡಿದ ಗಾಡಿಗೆ ಪೆಡಲ್ ರಬ್ಬರ್ ಯಾಕ ಹೊಸದು ಹಾಕಿಸ್ಬೇಕು? ಸ್ಟೇರಿಂಗ್ ಯಾಕ ಹಿಂಗ ಸವದು ನುಣ್ಣಗ ಆಗಬೇಕು?"

ಹಂಪೇಶ ಸ್ಟೇರಿಂಗ್ ಮುಟ್ಟಿ ನೋಡಿದ. ಮೊದಲು ಬಂದಾಗಲೂ ಮುಟ್ಟಿದ್ದ. ಆಗ ಆ ನುಣುಪು ಅವನಿಗೆ ಚಂದವೆನಿಸಿತ್ತು. ತನ್ನ ಆಟೋದ ಹ್ಯಾಂಡಲ್ ಹನ್ನೊಂದು ವರ್ಷಕ್ಕೆ ಹೀಗೇ ಆಗಿತ್ತು ಎನ್ನುವುದು ಈಗ ನೆನಪಾಯಿತು. ಆದರೂ, "ಟ್ರಾವೆಲ್ಸ್ ಗಾಡಿ ಅಲ್ಲೇನಕ್ಕ, ಹಂಗ ಇರ್ತಾವ," ಎಂದ.

ಗಾಳೆಮ್ಮ ಮುಂದೆ ಬಂದು ಬಂಪರಿನ ಎದುರು ಕುಕ್ಕರಗಾಲಲ್ಲಿ ಕೂತಳು. ಮೊಣಕಾಲು ನೋವಿಗೆ "ಯವ್ವಾ" ಎಂದಳು. ತಗಡಿಗೆ ಕೈಮುಗಿದಳು. ಆಮೇಲೆ ಬಹಳ ಹೊತ್ತು ಅದನ್ನೇ ನೋಡಿದಳು.

"ತಮ್ಮಾ, ನೀ ಗಾಡಿ ತಗೊಂಡ್ರ ತಾಯಿ ಹೆಸ್ರು ಎಲ್ಲಿ ಹಾಕಿಸ್ತೀಯಿ?"

"ನಡುವ ಹಾಕಿಸ್ತೀನಿ. ಇಲ್ಲಾ ಗ್ಲಾಸಿನ ಮ್ಯಾಲ."

"ಮತ್ತ ಇವನ್ಯಾಕ ತಾಯೀನ ಮೂಲಿಗೆ ತಂದು ಕುಂದ್ರಿಸ್ಯಾನ?"

ಗಾಳೆಮ್ಮ ಜಂಬುನಾಥನ ಕಡೆ ತಿರುಗಿ ಸ್ಕ್ರೂಡ್ರೈವರ್ ಕೇಳಿದಳು. ಅವನ ಮುಖದ ಬಣ್ಣವೇ ಬದಲಾಯಿತು.

"ದೇವ್ರ ಹೆಸ್ರಿಗೆ ಕೈ ಹಚ್ಚಬ್ಯಾಡ್ರಿ! ಅಪಶಕುನ ಅದು. ಹಾಕಿದ್ದನ್ನ ತಗೀಬಾರದು!"

ಹಂಪೇಶನೂ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಬ್ಯಾಡ ಬಿಡು. ತಾಯಿ ಮುನಿದ್ರ ನಮಗ ಯಾಕ ಬೇಕು?" ಎಂದ. ಅವನಿಗೆ ನಿಜಕ್ಕೂ ಭಯವಾಗಿತ್ತು.

ಗಾಳೆಮ್ಮ ಅಲ್ಲೇ ಇದ್ದ ಕೊಡದ ನೀರಿನಿಂದ ಕೈ ತೊಳೆದುಕೊಂಡಳು. ಒಂದು ಗಾಡಿಯ ಡಿಕ್ಕಿಯಲ್ಲಿ ಬಿದ್ದಿದ್ದ ಸ್ಕ್ರೂಡ್ರೈವರನ್ನು ಅನ್ನಪೂರ್ಣ ತಂದುಕೊಟ್ಟಳು. "ತಾಯೀ, ತಪ್ಪಾದ್ರ ಅದು ನನಗಿರಲಿ, ಇವ್ರಿಗೆ ಬ್ಯಾಡ," ಎಂದು ಗಾಳೆಮ್ಮ ನಾಲ್ಕು ಸ್ಕ್ರೂ ಬಿಚ್ಚಿದಳು. ತಗಡನ್ನು ಸೆರಗಿನಲ್ಲಿ ಹಿಡಿದು ಅನ್ನಪೂರ್ಣಳ ಕೈಗಿತ್ತಳು.

ತಗಡಿನ ಹಿಂದೆ ಎರಡು ತೂತುಗಳಿದ್ದವು, ಒಂದಕ್ಕೊಂದು ನಾಲ್ಕು ಬೆರಳು ದೂರ, ಹೆಬ್ಬೆರಳು ಹೋಗುವಷ್ಟು ದೊಡ್ಡವು. ಸುತ್ತ ತುಕ್ಕಿನ ಉಂಗುರ. ಗಾಳೆಮ್ಮ ಕಿರುಬೆರಳು ಒಳಗೆ ಹಾಕಿ ತೆಗೆದಳು. ಬೆರಳ ತುದಿ ಕೆಂಪಾಗಿತ್ತು.

"ಗಣಿಯೊಳಗ ಹೋಗೋ ಸಣ್ಣ ಗಾಡಿಗೆಲ್ಲ ಇಲ್ಲೇ ಉದ್ದನ್ನ ಕೋಲು ನಿಲ್ಸಿ ಕೆಂಪು ಬಾವುಟ ಕಟ್ಟಿರ್ತಾರ. ದೊಡ್ಡ ಡಂಪರ್ ಡ್ರೈವರ್‌ಗೆ ಇದು ಕಾಣ್ಲಿ ಅಂತ. ಇಪ್ಪತ್ತೆರಡು ವರ್ಷ ಆ ಕೋಲಿನ ಬುಡಾನ ತಿಕ್ಕೀನಿ ತಮ್ಮಾ. ಇದು ಕೊಪ್ಪಳದ ಶೆಡ್ಡಿನಾಗ ನಿಂತ ಗಾಡಿ ಅಲ್ಲ. ಹಗಲೂ ರಾತ್ರಿ ಗುಡ್ಡ ಹತ್ತಿ ಇಳಿದ ಗಾಡಿ. ಮೀಟರ್ ಹಿಂದಕ್ಕ ತಿರುವ್ಯಾರ."

ಹೈವೇಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಜಂಬುನಾಥನೇ ಮೊದಲು ಚೇತರಿಸಿಕೊಂಡ.

"ಆತು ಬಿಡ್ರಿ, ಮೈನ್ಸಿನ ಗಾಡಿನೇ. ನಂಗೂ ಆಮ್ಯಾಲ ಗೊತ್ತಾತು. ಮೈನ್ಸಿನಾಗ ಓಡಿದ್ದೆಲ್ಲಾ ಕೆಟ್ಟಿರ್ತೈತೇನು? ರೇಟ್ ಇಳಿಸ್ತೀನಿ. ಭಾಳ ಇಳಿಸ್ತೀನಿ. ಈಗ್ಲೇ ಒಯ್ರಿ."

ಅವನು ಹೇಳಿದ ರೇಟು ಕೇಳಿ ಹಂಪೇಶನ ತಲೆಯಲ್ಲಿ ಮತ್ತೆ ಹುಳ ಹೊಕ್ಕಿತು. ಒಂದನೇ ತಾರೀಖು, ದೇವಿಕಾ ಮೇಡಂ, ಪಂಪೇಶ, ಮನೆ ಮುಂದಿನ ಆಯಿಲ್ ಕಲೆ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು. "ಅಕ್ಕಾ, ಇಷ್ಟಕ್ಕ ಬಂದ್ರ..." ಎಂದು ರಾಗ ಎಳೆದ.

ಗಾಳೆಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸೀರೆ ಎತ್ತಿ ಕಟ್ಟಿ, ಒದ್ದೆ ಬಟ್ಟೆ ಹಿಡಿದು ಗಾಡಿಯ ಕೆಳಗೆ ತೂರಿಕೊಂಡಳು. ಒಳಗಿನಿಂದಲೇ ಕೂಗಿದಳು. "ಬಾ ಇಲ್ಲಿ. ನಾ ಹೇಳಿದ್ರ ನಂಬಬ್ಯಾಡ. ನೀನ ಕಣ್ಣಾರೆ ನೋಡು."

ಹಂಪೇಶ ಅಂಗಾತ ಮಲಗಿ ಒಳಗೆ ಸರಿದ. ಅಡಿಯೆಲ್ಲ ಹೊಸ ಕಪ್ಪು ಬಣ್ಣ. ಗಾಳೆಮ್ಮ ಒಂದು ಕಡೆ ಒರೆಸಿದ್ದಳು. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿಯ ಉದ್ದನೆಯ ಕಬ್ಬಿಣದ ಮೇಲೆ ಬೆರಳು ದಪ್ಪದ ವೆಲ್ಡಿಂಗ್ ಉಬ್ಬಿತ್ತು. ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಮತ್ತೆ ಬಿಟ್ಟಿತ್ತು.

"ಇದು ಒಮ್ಮೆ ಮುರಿದೈತಿ. ಮತ್ತ ಮುರಿಯಾಕ ಕಾಯಾಕತ್ತೈತಿ. ಏಳು ಮಂದೀನ ಕುಂದ್ರಿಸ್ಕೊಂಡು ಸಂಡೂರು ಗುಡ್ಡ ಇಳಿಯಾಂವ ನೀನು. ನಾ ಮೆಕ್ಯಾನಿಕ್ ಅಲ್ಲಪ್ಪ. ಹೊಸಪೇಟೆ ಎರ್ರಿಯಪ್ಪಗ ಒಂದ್ಸಲ ತೋರ್ಸು. ಅವ ಚಲೋ ಐತಿ ಅಂದ್ರ ತಗೋ."

ಹೊರಬಂದು ಕೇಳಿದರೆ ಜಂಬುನಾಥ ಖಡಾಖಂಡಿತ ತಲೆಯಾಡಿಸಿದ. "ಹೊರಗಿನ ಮೆಕ್ಯಾನಿಕ್‌ಗೆ ತೋರ್ಸಾಕ ಕೊಡಂಗಿಲ್ಲ. ಬೇಕಾದ್ರ ತಗೊಳ್ರಿ, ಬ್ಯಾಡಾದ್ರ ಬಿಡ್ರಿ."

ಅನ್ನಪೂರ್ಣ ತಗಡನ್ನು ಜಂಬುನಾಥನ ಕೈಗೆ ವಾಪಸ್ ಕೊಟ್ಟಳು, ಮೂವರೂ ಬಸ್ಸು ಹತ್ತಿದರು. ಬಸ್ಸಿನಲ್ಲಿ ಅನ್ನಪೂರ್ಣ ಮೊಬೈಲ್ ತೆಗೆದು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಆ ಬಿಳಿ ಗಾಡಿಯ ನಂಬರ್ ಹಾಕಿದಳು. ಸಂಘದ ಸಭೆಯಲ್ಲಿ ಇದನ್ನು ಕಲಿಸಿದ್ದರು. ಈಗಿನ ಮಾಲೀಕ ಮೂರನೆಯವನು ಎಂದು ತೋರಿಸಿತು. ಇನ್ಶೂರೆನ್ಸ್ ಮುಗಿದು ನಾಲ್ಕು ತಿಂಗಳಾಗಿತ್ತು.

"ಇದನ್ನ ನಿನ್ನೇನ ನೋಡಬೇಕಿತ್ತು," ಎಂದಳು.

ಹಂಪೇಶ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಸಿಟ್ಟು ಜಂಬುನಾಥನ ಮೇಲೆ ಹೋಗಬೇಕಿತ್ತು. ಹೋಗಿದ್ದು ಮಾತ್ರ ಗಾಳೆಮ್ಮನ ಮೇಲೆ. ಇಷ್ಟು ದಿನ ಕಟ್ಟಿಕೊಂಡ ಕನಸನ್ನು ಈ ಮುದುಕಿ ನಾಲ್ಕು ಸ್ಕ್ರೂ ಬಿಚ್ಚಿ ಕೆಡವಿದಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ. ಗಾಳೆಮ್ಮನಿಗೆ ಅದು ಗೊತ್ತಾಗಿತ್ತು. ಆದರೂ ಅವಳು ತನ್ನ ಎಲೆಚೀಲದಿಂದ ಒಂದು ಅಡಿಕೆ ತೆಗೆದು ಅವನಿಗೆ ಕೊಟ್ಟಳು. ಅವನು ಬೇಡವೆನ್ನಲಿಲ್ಲ.

ಮಾರನೇ ದಿನ ಬೆಳ್ಳಂಬೆಳಿಗ್ಗೆ ಎರ್ರಿಯಪ್ಪನನ್ನೂ ಕರೆದುಕೊಂಡು ಕಂಪ್ಲಿಗೆ ಹೋದರು. ಎರ್ರಿಯಪ್ಪ ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್. "ನಾವು ಬರೋತನ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ" ಎಂದು ಅನ್ನಪೂರ್ಣ ಮೊದಲೇ ಫೋನು ಮಾಡಿದ್ದಳು. ಗಾಡಿ ಮಿಲ್ಲಿನ ಅಂಗಳದಲ್ಲಿ ಭತ್ತದ ಹೊಟ್ಟಿನ ಧೂಳು ಹೊದ್ದು ನಿಂತಿತ್ತು. ಹೊಳಪಿಲ್ಲ, ಒಂದು ಬಾಗಿಲಿಗೆ ಗೀರು. ಹಂಪೇಶನಿಗೆ ಅದನ್ನು ಕಂಡು ಒಂದಿಷ್ಟೂ ಪ್ರೀತಿ ಹುಟ್ಟಲಿಲ್ಲ.

ಕೊಟ್ರಯ್ಯ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. "ಮೊದ್ಲ ಇದರ ತಪ್ಪು ಹೇಳಿಬಿಡ್ತೀನಿ, ಆಮ್ಯಾಲ ನನ್ನ ಬೈಬ್ಯಾಡ್ರಿ. ಕ್ಲಚ್ ಮುಗಿಯಾಕ ಬಂದೈತಿ. ಏ.ಸಿ. ಹಿಂದಿನ ಸೀಟಿಗೆ ತಣ್ಣಗ ಬರಂಗಿಲ್ಲ. ಬಾಗಿಲು ಗೀರು ಬಿದ್ದದ್ದು ನಮ್ಮ ಮಿಲ್ಲಿನ ಕಂಬಕ್ಕ. ಓಡಿದ್ದು ಎರಡು ಲಕ್ಷದ ಮೂವತ್ತೆಂಟು ಸಾವ್ರ, ಎಲ್ಲಾ ಕಂಪ್ಲಿ-ಬಳ್ಳಾರಿ ರೋಡಿನಾಗ. ಬ್ಯಾಂಕಿನವ್ರನ್ನ ಬೆಳಿಗ್ಗಿ ಒಯ್ಯೋದು, ಸಂಜಿ ತರೋದು. ಐದು ವರ್ಷ ಒಬ್ಬನೇ ಡ್ರೈವರು."

ಅವರ ಹೆಂಡತಿ ಸಂಗಮ್ಮ ಒಂದು ದಪ್ಪ ಫೈಲು ತಂದಿಟ್ಟರು. ಆಯಿಲ್ ಬದಲಿಸಿದ್ದು, ಬೆಲ್ಟ್ ಹಾಕಿಸಿದ್ದು, ಟೈರ್ ಕೊಂಡಿದ್ದು, ಪ್ರತಿಯೊಂದರ ಬಿಲ್ಲು ತಾರೀಖಿನ ಪ್ರಕಾರ ಜೋಡಿಸಿದ್ದರು. ಪ್ರತಿ ಬಿಲ್ಲಿನ ಮೇಲೂ ಆ ದಿನದ ಮೀಟರ್. ಸಂಖ್ಯೆ ಮೆಟ್ಟಿಲು ಹತ್ತಿದಂತೆ ಏರುತ್ತ ಹೋಗಿತ್ತು, ಎಲ್ಲೂ ಹಿಂದೆ ಬಂದಿರಲಿಲ್ಲ. ಎರ್ರಿಯಪ್ಪ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟ. ಹೊಗೆಯ ಬಣ್ಣ ನೋಡಿದ, ಕೆಳಗೆ ಮಲಗಿ ಚಾಸಿ ಬಡಿದು ನೋಡಿದ, ಹಂಪೇಶನನ್ನು ಕೂರಿಸಿಕೊಂಡು ಹತ್ತು ಕಿಲೋಮೀಟರ್ ಓಡಿಸಿದ. ಅನ್ನಪೂರ್ಣ ಮೊಬೈಲಿನಲ್ಲಿ ಇನ್ಶೂರೆನ್ಸ್, ಗಾಡಿ ಓಡಲು ಯೋಗ್ಯವೆನ್ನುವ ಎಫ್.ಸಿ., ಸಾಲ ಇದೆಯೋ ಇಲ್ಲವೋ ಎಲ್ಲ ನೋಡಿದಳು.

"ಏನಂತೀ ಎರ್ರಿಯಪ್ಪಣ್ಣ?" ಎಂದ ಹಂಪೇಶ.

"ಭಾಳ ಓಡೈತಿ, ಆದ್ರ ನಿಯತ್ತಿನಿಂದ ಓಡೈತಿ. ಕ್ಲಚ್ ಹಾಕಿಸ್ಕೊಂಡ್ರ ಇನ್ನೂ ನಾಕೈದು ವರ್ಷ ನಿನ್ನ ಸಾಕ್ತೈತಿ. ಖರ್ಚು ಇಲ್ಲಂತಲ್ಲ, ಐತಿ. ಆದ್ರ ಏನು ಖರ್ಚು ಅಂತ ಮೊದ್ಲ ಗೊತ್ತೈತಿ."

ಕ್ಲಚ್ಚಿನ ಖರ್ಚನ್ನು ಕೊಟ್ರಯ್ಯನವರೇ ಬೆಲೆಯಲ್ಲಿ ಕಳೆದರು. ಸಾಮಾನು ಹುಬ್ಬಳ್ಳಿಯಿಂದ ಬರಬೇಕಿತ್ತು. ಹೆಸರು ಬದಲಾವಣೆಯ ಅರ್ಜಿಯೂ ಆಗಬೇಕಿತ್ತು. ಎಲ್ಲ ಮುಗಿದು ಗಾಡಿ ಕೈಗೆ ಸಿಗುವುದು ಎರಡನೇ ತಾರೀಖಿಗೆ. ಹಂಪೇಶ ದೇವಿಕಾ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದ.

"ಎರಡಕ್ಕ ಬಾ, ಆಗ್ಲಿ. ಆದ್ರ ಒಂದನೇ ತಾರೀಖು ಸಂಡೂರಿಗೆ ಒಂದು ಫ್ಯಾಮಿಲಿ ಐತಿ. ಅದನ್ನ ಪಂಪೇಶಗ ಕೊಡ್ತೀನಿ. ಅವನೂ ಗಾಡಿ ತಗೊಳ್ಳಾಕತ್ತಾನಂತ," ಎಂದರು ಮೇಡಂ.

ಅದೇ ಸಂಜೆ ಸ್ಟ್ಯಾಂಡಿನಲ್ಲಿ ಪಂಪೇಶ ಸಿಕ್ಕಿದ. ಹೆಗಲ ಮೇಲೆ ಕೈ ಹಾಕಿ ಕೇಳಿದ. "ಲೇ ಹಂಪೇಶ, ಮರಿಯಮ್ಮನಹಳ್ಳಿ ಜಂಬುನಾಥನ ಬಿಳೀ ಗಾಡಿ ನೀ ನೋಡಿದ್ದಿಯಲ್ಲ, ಹೆಂಗೈತಿ?"

ಹೇಳಬೇಕಿತ್ತು. ಒಂದೇ ಮಾತು ಸಾಕಿತ್ತು. ಆದರೆ ಮೊದಲ ಬಾಡಿಗೆ ಇವನ ಪಾಲಾಯಿತಲ್ಲ ಎಂಬ ಹೊಟ್ಟೆಕಿಚ್ಚು ಹಂಪೇಶನನ್ನು ಬಿಡಲಿಲ್ಲ. "ನಂಗೇನು ಗೊತ್ತು. ನಾ ಸರಿಯಾಗಿ ನೋಡ್ಲಿಲ್ಲ," ಎಂದು ನಡೆದುಬಿಟ್ಟ.

ಗಾಡಿ ಸಿಕ್ಕಿತ್ತು, ಮೇಡಂ ಕೊಟ್ಟ ಕೆಲಸವೂ ಕೈತಪ್ಪಿರಲಿಲ್ಲ. ಇನ್ನಾದರೂ ಅವನು ನೆಮ್ಮದಿಯಾಗಿ ಕೂರಬೇಕಿತ್ತು. ಆದರೆ ಅರ್ಧ ಕುಡಿದ ಲೋಟಗಳು ಮೊದಲಿಗಿಂತ ಹೆಚ್ಚಾದವು. "ಇನ್ನೇನ್ರೀ ನಿಮಗ ಕಡಿಯಾಕತ್ತೈತಿ?" ಎಂದು ಅನ್ನಪೂರ್ಣ ಎರಡು ಸಲ ಕೇಳಿದಳು. ಅವನು ಎರಡು ಸಲವೂ ಎದ್ದು ಬಾಗಿಲಿಗೆ ಹೋದ. ಪಂಪೇಶ ಅದನ್ನು ಕೊಳ್ಳುವುದಿಲ್ಲ, ಕೊಂಡರೂ ಯಾರಿಗಾದರೂ ತೋರಿಸಿಯೇ ಕೊಳ್ಳುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ.

ಒಂದನೇ ತಾರೀಖು ಬೆಳಿಗ್ಗೆ ಎಂಟು ಗಂಟೆಗೆ ಅವನು ಎರ್ರಿಯಪ್ಪನ ಗ್ಯಾರೇಜಿನಲ್ಲಿದ್ದ. ಅವನ ಗಾಡಿಗೆ ಕ್ಲಚ್ ಜೋಡಿಸುತ್ತಿದ್ದರು. ಪಕ್ಕದ ಪಂಚರ್ ಅಂಗಡಿಯ ಮುಂದೆ ಒಂದು ಬಿಳಿ ಗಾಡಿ ಗಾಳಿ ಹಿಡಿಸಲು ಬಂದು ನಿಂತಿತು. ಹಂಪೇಶ ಚಹಾ ಕುಡಿಯುತ್ತಿದ್ದವನು ತಲೆಯೆತ್ತಿದ. ಬಂಪರಿನ ಎಡ ಮೂಲೆಯಲ್ಲಿ ತಗಡು ಹೊಳೆಯಿತು. ಅದಕ್ಕೆ ಹೊಸ ಚೆಂಡುಹೂವಿನ ಹಾರ ಬೇರೆ. ಒಳಗೆ ಅಜ್ಜಿ, ಗಂಡ ಹೆಂಡತಿ, ಮೂರು ಮಕ್ಕಳು. ಚಿಕ್ಕವಳೊಬ್ಬಳು ಕಿಟಕಿಯಿಂದ ಕೈ ಹೊರಗೆ ಹಾಕಿ ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದಳು. ಸ್ಟೇರಿಂಗ್ ಹಿಡಿದು ಪಂಪೇಶ ಕೂತಿದ್ದ.

ಹಂಪೇಶನ ಕೈಯಿಂದ ಲೋಟ ಬಿತ್ತು. ಓಡಿದ. "ಇಳಿ ಪಂಪೇಶ. ಇಳಿ ಕೆಳಗ. ಈ ಗಾಡಿ ಸಂಡೂರಿಗೆ ಹೋಗಬಾರದು."

ಪಂಪೇಶ ಕಣ್ಣು ಕಿರಿದು ಮಾಡಿದ. "ಯಾಕಲೇ? ನಿನ್ನ ಬಾಡಿಗಿ ನಾ ಕಿತ್ಕೊಂಡೆ ಅಂತ ಹೊಟ್ಟಿ ಉರಿಯಾಕತ್ತೈತೇನು?"

"ಉರಿದೈತಿ. ಅದಕ್ಕ ಅವತ್ತು ನಿನಗ ಸುಳ್ಳು ಹೇಳೀನಿ. ನೋಡಿದ್ದೆ ನಾನು, ಎಲ್ಲಾ ನೋಡಿದ್ದೆ. ಇದರ ಚಾಸಿ ಮುರಿದೈತಿ!"

"ಗೆಸ್ಟ್‌ಗಳ ಮುಂದ ಮರ್ಯಾದಿ ತಗೀಬ್ಯಾಡ, ಸರಿ ಅತ್ಲಾಗ." ಪಂಪೇಶ ಗೇರ್ ಹಾಕಿದ.

ಹಂಪೇಶ ಗಾಡಿಯ ಮುಂದೆ ಹೋಗಿ ಮಂಡಿಯೂರಿದ. ಎರ್ರಿಯಪ್ಪನ ಗ್ಯಾರೇಜಿನ ಸ್ಕ್ರೂಡ್ರೈವರ್ ಅವನ ಜೇಬಿನಲ್ಲೇ ಇತ್ತು. ಹಾರ ತೆಗೆದು ಹೆಗಲಿಗೆ ಹಾಕಿಕೊಂಡ. "ತಾಯೀ, ತಪ್ಪಾದ್ರ ಅದು ನನಗಿರಲಿ," ಎಂದ. ಒಂದು, ಎರಡು, ಮೂರು, ನಾಲ್ಕು ಸ್ಕ್ರೂ. ತಗಡು ಅವನ ಅಂಗೈಗೆ ಬಂತು. ತೂತಿಗೆ ಬೆರಳು ಹಾಕಿ ತೆಗೆದು, ಆ ಕೆಂಪು ಬೆರಳನ್ನು ಪಂಪೇಶನ ಮುಖದ ಮುಂದೆ ಹಿಡಿದ. ಸಂಡೂರು ಗುಡ್ಡದ ಕೆಂಪು ಧೂಳು ಯಾವುದು ಎಂದು ಈ ಕಡೆಯ ಡ್ರೈವರನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಪಂಪೇಶ ಇಂಜಿನ್ ಆರಿಸಿದ.

ಎರ್ರಿಯಪ್ಪ ಆ ಕುಟುಂಬವನ್ನು ಇಳಿಸಿ ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದ. ಅವತ್ತು ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಈಗ ಐದು ರೂಪಾಯಿ ನಾಣ್ಯದ ಅಂಚು ತೂರುತ್ತಿತ್ತು. ಅವನು ಆ ನಾಣ್ಯವನ್ನು ಅಲ್ಲೇ ಸಿಕ್ಕಿಸಿ ಪಂಪೇಶನನ್ನು ಕರೆದು ತೋರಿಸಿದ. ಪಂಪೇಶ ನೋಡಿದ, ಮೇಲೆ ಬಂದ, ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಪರಿಚಯದವರ ಬೇರೆ ಗಾಡಿ ಬಂದು ಆ ಕುಟುಂಬವನ್ನು ಕರೆದೊಯ್ದಿತು. ಚಿಕ್ಕ ಹುಡುಗಿ ಹಿಂದಿನ ಗಾಜಿನಿಂದ ಇಬ್ಬರಿಗೂ ಕೈ ಬೀಸಿದಳು.

"ಅವತ್ತ ಯಾಕಲೇ ಹೇಳ್ಲಿಲ್ಲ?" ಎಂದ ಪಂಪೇಶ ತಲೆಯೆತ್ತಿ.

"ತಪ್ಪಾತು," ಎಂದ ಹಂಪೇಶ. ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. "ಜಂಬುನಾಥನ ಮ್ಯಾಲ ಕಂಪ್ಲೇಂಟ್ ಕೊಡೋಣ ನಡಿ. ನಾನೂ ಬರ್ತೀನಿ. ಗಾಳೆಮ್ಮಕ್ಕನ್ನೂ ಕರ್ಕೊಂಡು ಹೋಗೋಣ, ಅವಳ ಮಾತಿಗೆ ಅವ ಎದುರು ಹೇಳಂಗಿಲ್ಲ."

ಪಂಚರ್ ಅಂಗಡಿಯವನು ಇಬ್ಬರಿಗೂ ಚಹಾ ತಂದುಕೊಟ್ಟ. ಹಂಪೇಶ ಆ ತಗಡನ್ನು ತೊಡೆಯ ಮೇಲಿಟ್ಟುಕೊಂಡು, ಎಷ್ಟೋ ದಿನದ ಮೇಲೆ, ಕೂತಲ್ಲೇ ಕೂತು ಲೋಟದ ತಳ ಕಾಣುವವರೆಗೆ ಕುಡಿದ. ಮರುದಿನ ಆ ತಗಡು ಹಂಪೇಶ ಕೊಂಡ ಕೊಟ್ರಯ್ಯನವರ ಹಳೆಯ ಗಾಡಿಯ ಬಂಪರಿಗೆ ಬಂತು. ಪಂಪೇಶನೇ ಸ್ಕ್ರೂ ತಿರುಗಿಸಿದ. ಗಾಳೆಮ್ಮ ಎದುರು ನಿಂತು ನೋಡಿ, ಸರಿಯಾಗಿ ನಡುವೆ ಇದೆ ಎಂದಳು.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ನೀವೂ ನಾಳೆ ಓಡಿದ ಗಾಡಿ ನೋಡಲು ಹೋಗುತ್ತೀರಿ. ಮೀಟರಿನಲ್ಲಿ ದೊಡ್ಡ ಸಂಖ್ಯೆ ಕಂಡ ಕೂಡಲೇ ಹೆದರಬೇಡಿ. ಸಣ್ಣ ಸಂಖ್ಯೆ ಕಂಡ ಕೂಡಲೇ ಹಿಗ್ಗಲೂ ಬೇಡಿ. ಆ ಸಂಖ್ಯೆಗೆ ಸಾಕ್ಷಿ ಏನಿದೆ ಎಂದು ಕೇಳಿ. ಸರ್ವಿಸ್ ಬಿಲ್ಲು ಕೇಳಿ, ಸರ್ವಿಸ್ ಮಾಡಿದ ಕಡೆ ಗಾಡಿ ನಂಬರ್ ಕೊಟ್ಟು ವಿಚಾರಿಸಿ. ಎಷ್ಟನೇ ಮಾಲೀಕರು, ಸಾಲ ತೀರಿದೆಯೇ, ಇನ್ಶೂರೆನ್ಸ್ ಮತ್ತು ಎಫ್.ಸಿ. ಎಲ್ಲಿಯವರೆಗೆ ಎಂಬುದನ್ನು ಮೊಬೈಲಿನಲ್ಲೋ ಆರ್.ಟಿ.ಓ. ಕಚೇರಿಯಲ್ಲೋ ನೋಡಿಕೊಳ್ಳಿ. ಇಂಜಿನ್ ತಣ್ಣಗಿರುವಾಗ ಹೋಗಿ. ಸ್ಟೇರಿಂಗ್, ಪೆಡಲ್, ಗಾಡಿಯ ಬುಡ ನೋಡಿ. ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿಯೇ ಅಡ್ವಾನ್ಸ್ ಕೊಡಿ. ತೋರಿಸಲು ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಗಾಡಿ ಕೊಂಡಮೇಲೆ ಹೆಸರು ಬದಲಾವಣೆಯನ್ನು ಮುಂದೆ ಹಾಕಬೇಡಿ. ದೇವರಿಗೆ ಕೈಮುಗಿಯಿರಿ, ಆದರೆ ದೇವರ ಹೆಸರಿನ ಹಿಂದೆ ಮನುಷ್ಯ ಏನು ಬಚ್ಚಿಟ್ಟಿದ್ದಾನೆ ಎಂದು ನೋಡಲು ಅಂಜಬೇಡಿ.

ಕೆಟ್ಟ ಗಾಡಿಯೊಂದು ನಿಮ್ಮ ಕಣ್ಣಿಗೆ ಬಿದ್ದರೆ, ನೀವು ಅದನ್ನು ಬಿಟ್ಟು ಬಂದರೆ ಸಾಲದು. ಅದನ್ನು ಕೊಳ್ಳಲು ಹೊರಟವನು ನಿಮ್ಮ ಎದುರಾಳಿಯಾದರೂ ಸರಿ, ಹೋಗಿ ಹೇಳಿ. ಹಿಂದಿನ ಸೀಟಿನಲ್ಲಿ ಯಾರ ಮಗು ಕೂತಿರುತ್ತದೋ ನಿಮಗೆ ಗೊತ್ತಿರುವುದಿಲ್ಲ.